ಒಂದೂ ಮುಕ್ಕಾಲರ ಮುಹೂರ್ತ

ಮಂಗಳೂರಿನ ಹಂಪನಕಟ್ಟೆಯ ಒಂದು ಆಡಿಟರ್ ಆಫೀಸು. ನಾಳೆ ಸಿಎ ಫೈನಲ್ ಬರೆಯುವ ಹುಡುಗಿ. ಎಷ್ಟೋ ವರ್ಷದಿಂದ ಅದನ್ನೇ ಬರೆಯುತ್ತಿರುವ ಅಣ್ಣ. (ಅಣ್ಣನ ಜೊತೆ ಓದಿದವರು ಈಗ ಸಹಿ ಹಾಕುತ್ತಾರೆ. ಸೀಲು ಒತ್ತುವುದು ಮಾತ್ರ ಅಣ್ಣನೇ.)

"ಅಣ್ಣಾ, ಪರೀಕ್ಷೆ ಎರಡಕ್ಕೆ, ಪ್ರಶ್ನೆಪತ್ರಿಕೆ 1.45ಕ್ಕೇ ಕೊಡ್ತಾರಲ್ಲ, ಆ 15 ನಿಮಿಷ ನೀವು ಎಂತ ಮಾಡುವುದು?"

"ಮೊದಲ ಐದು ಕದ್ರಿ ಮಂಜುನಾಥನಿಗೆ. ಮತ್ತೈದು ಪೇಪರ್ ತೆಗೆದವನಿಗೆ ಶಾಪ ಹಾಕಲಿಕ್ಕೆ. ಉಳಿದದ್ದರಲ್ಲಿ ಪಕ್ಕದವರ ಮುಖ ನೋಡುವುದು. ಅವರೂ ಬೆವರಿದ್ರೆ ಸಮಾಧಾನ."

"ಮಂಗಳೂರಲ್ಲಿ ಬೆವರದವರು ಯಾರುಂಟು? ಓದುವುದು ಯಾವಾಗ?"

"ಓದಿದ್ರೆ ಹೆದರಿಕೆ ಆಗ್ತದೆ ಮಾರಾಯ್ತಿ."

"ಉತ್ತರಪತ್ರಿಕೆಯಲ್ಲಿ ಬರೆಯಲಿಕ್ಕೆ ಆಗ ಬಿಡುವುದಿಲ್ಲ. ಹಾಗಾಗಿ ನಾನು ಕಡ್ಡಾಯದ ಪ್ರಶ್ನೆ ಮೊದಲು ಓದ್ತೇನೆ. ಉಳಿದದ್ದರಲ್ಲಿ ಬಿಡುವುದು ಯಾವುದು ಅಂತ ಅಲ್ಲೇ ತೀರ್ಮಾನ. ಉದ್ದದ ಲೆಕ್ಕವಾದ್ರೆ ಕೊನೆಗೆ ಕೇಳಿದ್ದೇನು ಅಂತ ನೋಡಿ, ಆಮೇಲೆ ಮೇಲಿನ ಅಂಕಿಗಳು. 100 ಅಂಕಕ್ಕೆ 180 ನಿಮಿಷ; ಹತ್ತರದ್ದಕ್ಕೆ ಹದಿನೆಂಟೇ."

"ಬಿಡುವುದಾ? ನಾನು ಒಂದನ್ನೂ ಬಿಟ್ಟವನಲ್ಲ. ಎಲ್ಲವನ್ನೂ ಅರ್ಧರ್ಧ ಬರೆದಿದ್ದೇನೆ."

"ಪ್ರತಿ ಪೇಪರಿಗೆ 40, ಒಟ್ಟಿಗೆ ಶೇಕಡ 50 ಬೇಕಲ್ಲ?"

"39ಕ್ಕೆ ನನ್ನ ಮೇಲೆ ಪ್ರೀತಿ ಜಾಸ್ತಿ. ಇರಲಿ, ಸಂಜೆ ಐಡಿಯಲ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನುವ, ನಾಳೆ ನೋಡಿಕೊಳ್ಳುವ."

"ನಾನು ಬರುವುದಿಲ್ಲ. ನಾಳೆ ನಿಮ್ಮ ಹಾಲ್ ಎಲ್ಲಿ?"

"ನಿನ್ನದ್ದೇ. ಪಕ್ಕದ ಬೆಂಚು. ಸ್ವಲ್ಪ ಬೆವರು ಆಯ್ತಾ?"