ಹಾಡು ಕೊಟ್ಟಿರಿ, ಸಿನಿಮಾವನ್ನೂ ಕೊಡಿ

ಮುಧೋಳ

ಕನ್ನಡದ ಹಳೆಯ ಸಿನಿಮಾಗಳ ನೆಗೆಟಿವ್, ಹಳೆಯ ಹಾಡುಗಳ ಮಾಸ್ಟರ್ ಟೇಪು ಮತ್ತು ಅವುಗಳ ಹಕ್ಕುಪತ್ರ ಕೈಯಲ್ಲಿಟ್ಟುಕೊಂಡಿರುವ ನಿರ್ಮಾಪಕರಿಗೆ, ಅವರ ವಾರಸುದಾರರಿಗೆ, ಆಡಿಯೋ-ವಿಡಿಯೋ ಕಂಪನಿಗಳ ಯಜಮಾನರಿಗೆ,



ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು 'ಕಾಡು ಕುದುರೆ' ಎಂಬ ಸಿನಿಮಾ ನಿರ್ದೇಶಿಸಿದರು. ಅದರ ಹಾಡು ಕೇಳದ ಮನೆ ಈ ಭಾಗದಲ್ಲಿ ಸಿಗುವುದು ಕಷ್ಟ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಸಾಹಿತ್ಯ ಸಮ್ಮೇಳನದ ವೇದಿಕೆಯವರೆಗೆ ಎಲ್ಲ ಕಡೆ ಅದನ್ನು ಹಾಡುತ್ತಾರೆ. ಅದನ್ನು ಹಾಡಿದ್ದಕ್ಕೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗ ಅವರು. ಹಾಡು ಹೀಗೆ ಬಾಯಿಂದ ಬಾಯಿಗೆ ಬಂದು ಉಳಿಯಿತು. ಸಿನಿಮಾ? ಅದನ್ನು ನೋಡಿದವರನ್ನು ನಮ್ಮ ಊರಲ್ಲಿ ಹುಡುಕಬೇಕು. ಒಳ್ಳೆಯ ಮುದ್ರಣದ ಡಿಸ್ಕ್ ಕೊಳ್ಳೋಣವೆಂದರೆ ನಾನು ವಿಚಾರಿಸಿದ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಹಾಡನ್ನು ನೀವು ಜನರಿಗೆ ಕೊಟ್ಟಿದ್ದೀರಿ. ಆ ಹಾಡು ಹುಟ್ಟಿದ ಸಿನಿಮಾವನ್ನೂ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ: ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂದ ಮಾತ್ರಕ್ಕೆ ಒಂದು ಕೃತಿ ಉಳಿಯಿತು ಎನ್ನಲಾಗದು. ಅದರ ಒಳ್ಳೆಯ ಪ್ರತಿ ಸಾಮಾನ್ಯ ಓದುಗ, ನೋಡುಗ, ಕೇಳುಗನ ಮನೆಯಲ್ಲಿ ಇದ್ದಾಗಲೇ ಅದು ಉಳಿದ ಹಾಗೆ.

ಇದನ್ನು ನಮ್ಮೂರಿನವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಇದು ಕವಿ ರನ್ನನ ಊರು. ಅವನಿಗೆ ಆಶ್ರಯ ಕೊಟ್ಟು 'ಅಜಿತಪುರಾಣ' ಬರೆಸಿದ ಅತ್ತಿಮಬ್ಬೆ, ಪೊನ್ನನ 'ಶಾಂತಿಪುರಾಣ'ದ 1000 ಓಲೆಪ್ರತಿ ಮಾಡಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಒಂದೊಂದನ್ನೂ ಲಿಪಿಕಾರ ಕುಳಿತು ಕಂಟದಿಂದ ಕೊರೆಯಬೇಕಿತ್ತು. ಕಾವ್ಯವೊಂದು ಭಂಡಾರ ಸೇರಿದರೆ ಸಾಲದು, ಊರೂರಿಗೆ ಹೋಗಬೇಕು ಎಂದು ಆ ಹೆಣ್ಣುಮಗಳಿಗೆ ಗೊತ್ತಿತ್ತು. ಇದರ ಇನ್ನೊಂದು ಮುಖವೂ ನಮಗೆ ಗೊತ್ತು. ರನ್ನನದೇ 'ಪರಶುರಾಮಚರಿತ', 'ಚಕ್ರೇಶ್ವರಚರಿತ' ಇಂದು ಹೆಸರುಗಳಾಗಿ ಮಾತ್ರ ಉಳಿದಿವೆ. ಕವಿಚಕ್ರವರ್ತಿ ಎನಿಸಿಕೊಂಡವನ ಕೃತಿಗೇ ಈ ಗತಿಯಾದರೆ, ಎರಡು ವಾರ ಓಡಿ ಚಿತ್ರಮಂದಿರದಿಂದ ಇಳಿದ ಸಿನಿಮಾದ ಪಾಡೇನು?

ಸಿನಿಮಾಕ್ಕೆ ಆಗಿರುವುದೂ ಅದೇ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದು ಚಿತ್ರೀಕರಣಗೊಂಡದ್ದು ನಮಗೆ ಹತ್ತಿರದ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಇಲ್ಲ. ಭಾಷೆಯೊಂದರ ಮೊದಲ ಮಾತಿನ ಚಿತ್ರವನ್ನೇ ಕಳೆದುಕೊಂಡವರು ನಾವು. ಅದಕ್ಕಾಗಿಯೇ ಉಳಿದದ್ದರ ಬಗ್ಗೆ ಇಷ್ಟು ಆತಂಕ.

ದೊಡ್ಡ ಊರುಗಳವರಿಗೆ ಚಿತ್ರಸಮಾಜಗಳಿದ್ದವು, ಚಿತ್ರೋತ್ಸವಗಳಿದ್ದವು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಹೊಸ ಅಲೆಯ ಸಿನಿಮಾ ಬಂದದ್ದು ಟೇಪಿನಲ್ಲಿ, ಡಿಸ್ಕಿನಲ್ಲಿ. ಗಣಪತಿ ಹಬ್ಬಕ್ಕೋ ಮದುವೆ ಮನೆಗೋ ಕಲರ್ ಟಿ.ವಿ., ವಿ.ಸಿ.ಪಿ. ಬಾಡಿಗೆಗೆ ತಂದು ರಾತ್ರಿಯಿಡೀ ನೋಡುತ್ತಿದ್ದ ಕಾಲ ಅದು. ರಾಜಕುಮಾರ್ ಸಿನಿಮಾ, ಹಿಂದಿಯ ಹೊಡೆದಾಟದ ಸಿನಿಮಾ ಮುಗಿದ ಮೇಲೆ, ನಿದ್ದೆಗೆಟ್ಟು ಕುಳಿತ ನಾಲ್ಕು ಜನರಿಗಾಗಿ ಯಾರೋ 'ಸಂಸ್ಕಾರ'ವನ್ನೋ 'ಕಾಡು' ಚಿತ್ರವನ್ನೋ ಹಾಕುತ್ತಿದ್ದರು. ಆ ನಾಲ್ಕು ಜನ ಮರುದಿನ ಅದರ ಬಗ್ಗೆ ವಾದ ಮಾಡುತ್ತಿದ್ದರು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ನೇಕಾರರ ಕಣ್ಣು ಎಳೆಯ ಮೇಲೆ ಇರಬೇಕು, ಬಿಡುವಿರುವುದು ಕಿವಿಗೆ ಮಾತ್ರ. ಹಾಗಾಗಿ ಅಲ್ಲಿ ಸಿನಿಮಾದ ಕಥೆ-ಸಂಭಾಷಣೆಯ ಕ್ಯಾಸೆಟ್ ಹಾಕಿ, ಲಾಳಿಯ ಸದ್ದಿನ ನಡುವೆ ಇಡೀ ಚಿತ್ರವನ್ನು ಕಿವಿಯಿಂದಲೇ ನೋಡಿದವರಿದ್ದಾರೆ.

ಆ ಪ್ರತಿಗಳ ಸ್ಥಿತಿಯನ್ನೂ ಹೇಳಬೇಕು. ವಿ.ಸಿ.ಡಿ.ಯ ಒಂದು ಚೌಕಟ್ಟಿನಲ್ಲಿ ಇರುವುದು 352 ಅಡ್ಡ, 288 ಉದ್ದದ ಚುಕ್ಕೆಗಳು. ಒಟ್ಟು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಇಂದಿನ 4ಕೆ ಪ್ರತಿಯಲ್ಲಿ ಅದು 80 ಲಕ್ಷ ದಾಟುತ್ತದೆ. ಕಪ್ಪು-ಬಿಳುಪು ಸಿನಿಮಾದ ನಡುಮನೆಯ ಕತ್ತಲು, ದೀಪದ ಬೆಳಕು, ಮುಖದ ಒಂದು ಬದಿಗೆ ಬಿದ್ದ ನೆರಳು ಎಲ್ಲವೂ ವಿ.ಸಿ.ಡಿ.ಯಲ್ಲಿ ಕಲಸಿ ಬೂದುಬಣ್ಣದ ಚೌಕಗಳಾಗಿಬಿಡುತ್ತವೆ. ಒಂದು ಡಿಸ್ಕಿಗೆ ಹಿಡಿಸುವುದು 80 ನಿಮಿಷದೊಳಗಿನ ಚಿತ್ರ. ಆದ್ದರಿಂದ ಪಾತ್ರವೊಂದು ಮಾತಿನ ಮಧ್ಯೆ ಇರುವಾಗಲೇ ಡಿಸ್ಕ್ ಮುಗಿಯುತ್ತದೆ, ಎದ್ದು ಎರಡನೆಯದನ್ನು ಹಾಕಬೇಕು. ಮೂಲೆಯಲ್ಲಿ ಕಂಪನಿಯ ಗುರುತು, ಕೆಳಗೆ ಓಡುವ ಜಾಹೀರಾತು, ಬದಿಗಳಲ್ಲಿ ಕತ್ತರಿಸಿದ ಚಿತ್ರ. ಕನ್ನಡ ಅರ್ಥವಾಗದ ಮರಾಠಿ ಅಥವಾ ಹಿಂದಿ ಗೆಳೆಯನಿಗೆ ತೋರಿಸೋಣವೆಂದರೆ ಉಪಶೀರ್ಷಿಕೆ ಇಲ್ಲ. ಇಷ್ಟಾದರೂ ನಾವು ಆ ಸಿನಿಮಾಗಳನ್ನು ಪ್ರೀತಿಸಿದೆವು. ಇಂಥ ಪ್ರತಿ ನೋಡಿಯೇ ಅಷ್ಟು ಪ್ರೀತಿ ಹುಟ್ಟಿದ್ದರೆ, ಒಳ್ಳೆಯ ಪ್ರತಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಸಂಗೀತದ ಮಾತಿಗೆ ಬರುತ್ತೇನೆ. ಕನ್ನಡದ ಅತ್ಯಂತ ಧೈರ್ಯದ ಧ್ವನಿಪ್ರಯೋಗಗಳು ಈ ಸಿನಿಮಾಗಳ ಹಿನ್ನೆಲೆ ಸಂಗೀತದಲ್ಲಿವೆ. 1970ರ 'ಸಂಸ್ಕಾರ'ಕ್ಕೆ ಸಂಗೀತ ಕೊಟ್ಟವರು ಅಲಿ ಅಕ್ಬರ್ ಖಾನರ ಶಿಷ್ಯ, ಸರೋದ್ ವಾದಕ ರಾಜೀವ ತಾರಾನಾಥ. ಅಲ್ಲಿ ಸಂಗೀತಕ್ಕಿಂತ ಮೌನಕ್ಕೆ ಹೆಚ್ಚು ಜಾಗವಿದೆ. ಎಲ್ಲಿ ನುಡಿಸಬಾರದು ಎಂಬ ವಿವೇಕ ಅದು. 1976ರ 'ಋಷ್ಯಶೃಂಗ'ಕ್ಕೂ ಮರುವರ್ಷದ 'ಘಟಶ್ರಾದ್ಧ'ಕ್ಕೂ ಬಿ.ವಿ. ಕಾರಂತರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ರಂಗಭೂಮಿಯಲ್ಲಿ ಕಲ್ಲು, ಕಾಗದ, ಮಡಕೆಗಳಿಂದ ಸ್ವರ ತೆಗೆದವರು ಅವರು. ಅದೇ ಕಿವಿಯನ್ನು ಸಿನಿಮಾಕ್ಕೂ ತಂದರು. ಈ ಸಂಗೀತವನ್ನು ಪ್ರತ್ಯೇಕವಾಗಿ, ಸ್ವಚ್ಛವಾಗಿ, ಯಾರು ಏನು ನುಡಿಸಿದರು ಎಂಬ ವಿವರದೊಂದಿಗೆ ಕೇಳುವ ಭಾಗ್ಯ ನನಗಂತೂ ಒದಗಿಲ್ಲ. ಸಿನಿಮಾ ಹಾಡುಗಳ ಧ್ವನಿಸುರುಳಿ ಬಂತು. ಹಾಡಿಲ್ಲದ ಸಿನಿಮಾದ ಸಂಗೀತಕ್ಕೆ ಧ್ವನಿಸುರುಳಿ ಏಕೆ ಎಂದು ಬಿಟ್ಟುಬಿಟ್ಟಿರಿ.

ಇಂಥ ಧ್ವನಿಪ್ರಯೋಗವನ್ನು ಹೊರಗಿನವರು ಬಿಡಲಿಲ್ಲ. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ನುಡಿಸಿದ 'ಜ್ಯೋತಿ'ಯನ್ನು ಮ್ಯೂನಿಕ್‌ನ ಇಸಿಎಂ ಕಂಪನಿ 1983ರಲ್ಲಿ ಹೊರತಂದಿತು. ಆರ್.ಎ. ರಮಾಮಣಿಯವರ ಗಾಯನ, ಮೃದಂಗ, ಘಟ, ಖಂಜಿರ, ಕೊನ್ನಕೋಲು, ಅವುಗಳ ಪಕ್ಕದಲ್ಲಿ ಸ್ಯಾಕ್ಸೊಫೋನ್. ಬೆಂಗಳೂರಿನ ಸಂಗೀತಗಾರರ ಈ ಪ್ರಯೋಗಕ್ಕೆ ಒಂದು ಕ್ರಮಸಂಖ್ಯೆ, ಒಂದು ಹೊದಿಕೆ, ನುಡಿಸಿದವರ ಹೆಸರುಗಳ ಪಟ್ಟಿ ಇರುವುದು ಜರ್ಮನಿಯ ಕಂಪನಿಯೊಂದು ಕಾಳಜಿ ವಹಿಸಿದ್ದರಿಂದ. ಅಷ್ಟೇ ಕಾಳಜಿ ನಮ್ಮಲ್ಲಿ ಆಗಬಾರದೇಕೆ?

ನಮ್ಮ ಪಕ್ಕದ ಬೀಳಗಿಯ ಅಕ್ಕತಂಗಿಯರ ಕಥೆ ಇನ್ನೂ ಹಿಂದಿನದು. ಗೋಹರ್‌ಬಾಯಿ, ಅಮೀರ್‌ಬಾಯಿ ಇಬ್ಬರೂ ಊರು ಬಿಟ್ಟು ಹೋಗಿ ರಂಗಭೂಮಿ, ಗ್ರಾಮಫೋನ್, ಸಿನಿಮಾಗಳಲ್ಲಿ ಹೆಸರು ಮಾಡಿದರು. ಹೆಸರಿನ ಮುಂದೆ 'ಕರ್ನಾಟಕಿ' ಎಂದೇ ಇಟ್ಟುಕೊಂಡರು. 1943ರ 'ಕಿಸ್ಮತ್'ನಲ್ಲಿ ಅನಿಲ್ ಬಿಸ್ವಾಸ್ ಸಂಗೀತಕ್ಕೆ ಹಾಡಿದ ಅಮೀರ್‌ಬಾಯಿ, 1948ರಲ್ಲಿ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಸಂಗೀತ ನಿರ್ದೇಶಕಿಯಾಗುವುದು ಸಣ್ಣ ಸಾಹಸವಲ್ಲ. ವಿಜಯಪುರದ ಅಮೀರ್ ಟಾಕೀಸು ಅವರ ಹೆಸರಿನದು. ರಹಮತ್ ತರೀಕೆರೆಯವರು ಅವರ ಜೀವನವನ್ನು ಪುಸ್ತಕವಾಗಿ ಬರೆದರು. ಪುಸ್ತಕ ಓದಿ ಮುಗಿಸಿದವನಿಗೆ ಮೊದಲು ಬೇಕಾಗುವುದು ದನಿ. ಅದನ್ನು ಕೇಳಲು ನಾವು ಬೀಳಗಿಯವರಾಗಿ, ಮುಧೋಳದವರಾಗಿ ಯಾವ ಅಂಗಡಿಗೆ ಹೋಗಬೇಕು? ಪಕ್ಕಕ್ಕೆ ಮೂರು ನಿಮಿಷ ಹಿಡಿಸುವ 78 ಆರ್.ಪಿ.ಎಂ. ತಟ್ಟೆಗಳು ಸಂಗ್ರಾಹಕರ ಕಪಾಟುಗಳಲ್ಲಿವೆ. ಅರಗಿನ ಆ ತಟ್ಟೆ ಕೈಜಾರಿ ಬಿದ್ದರೆ ಮುಗಿಯಿತು.

ಇಲ್ಲಿ ಕಾನೂನಿನ ಅಡ್ಡಿ ನೀವು ಹೇಳುವಷ್ಟಿಲ್ಲ. ನಮ್ಮ ದೇಶದಲ್ಲಿ ಧ್ವನಿಮುದ್ರಿಕೆ ಮತ್ತು ಚಲನಚಿತ್ರದ ಹಕ್ಕು ಇರುವುದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಅಂದರೆ 1964ರವರೆಗೆ ಹೊರಬಂದ ಧ್ವನಿಮುದ್ರಿಕೆಗಳ ಹಕ್ಕು 2024ರ ಕೊನೆಗೆ ಮುಗಿದಿದೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ, ಅದನ್ನು ವಿಚಾರಿಸಿಯೇ ಮುಂದುವರಿಯಬೇಕು. ಆದರೆ ಬೀಳಗಿಯ ಸೋದರಿಯರ ಗ್ರಾಮಫೋನ್ ಧ್ವನಿ ಹೆಚ್ಚುಕಡಿಮೆ ಈಗ ಎಲ್ಲರದು. 'ಸಂಸ್ಕಾರ'ದ ಹಕ್ಕು 2030ರ ಕೊನೆಗೆ, 'ಘಟಶ್ರಾದ್ಧ'ದ್ದು 2037ರ ಕೊನೆಗೆ ತೀರುತ್ತದೆ. ಅಷ್ಟರೊಳಗೆ ಒಳ್ಳೆಯ ಪ್ರತಿ ತಂದು ಅದರಿಂದ ನಾಲ್ಕು ಕಾಸು ಕಾಣುವ ಅವಕಾಶ ನಿಮ್ಮದೇ. ತಡಮಾಡಿದರೆ ಹಕ್ಕು ಹೋಗುವ ಮೊದಲೇ ರೀಲು ಹೋಗುತ್ತದೆ.

ರೀಲು ಹೇಗೆ ಹೋಗುತ್ತದೆ ಎಂದು ನಿಮ್ಮ ಗೋದಾಮಿನಲ್ಲೇ ನೋಡಬಹುದು. ತಗಡಿನ ಡಬ್ಬಿಯ ಮುಚ್ಚಳ ತೆಗೆದಾಗ ಹುಳಿ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ, ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ. ಶಾಖ ಮತ್ತು ತೇವದಿಂದ ಫಿಲ್ಮ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ವೇಗಗೊಳಿಸುತ್ತದೆ. ಫಿಲ್ಮ್ ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಯಂತ್ರಕ್ಕೆ ಕೂರದಂತಾಗುತ್ತದೆ. ಮ್ಯಾಗ್ನೆಟಿಕ್ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ, ಅಂಟು ಸಡಿಲಾಗಿ ಸದ್ದು ಹೊತ್ತ ಪುಡಿಯೇ ಉದುರುತ್ತದೆ. ಇದನ್ನು ತಂಪಾದ, ಒಣಗಿದ ಕೋಣೆಯಲ್ಲಿ ನಿಧಾನಗೊಳಿಸಬಹುದು, ಹಿಂದಕ್ಕೆ ತಿರುಗಿಸಲಾಗದು. ವಾರಸುದಾರರ ನಡುವೆ ಹಕ್ಕಿನ ವ್ಯಾಜ್ಯ ನಡೆಯುತ್ತಿದೆ ಎಂದು ಆಮ್ಲ ಕಾಯುವುದಿಲ್ಲ.

ಕೆಲಸ ಅಸಾಧ್ಯವಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಕಣ್ಣಮುಂದೆಯೇ ಇದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ ಅದನ್ನು 4ಕೆಯಲ್ಲಿ ಪುನರುಜ್ಜೀವಗೊಳಿಸಿದವು. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ತೆರೆಕಂಡಿತು. ಚಿತ್ರದ ನಿರ್ಮಾಪಕ ಸದಾನಂದ ಸುವರ್ಣ ಆ ಪ್ರದರ್ಶನ ಕಾಣದೆ ಅದೇ ವರ್ಷ ಜುಲೈನಲ್ಲಿ ತೀರಿಕೊಂಡಿದ್ದರು. ವೆನಿಸ್‌ನವರು ನೋಡಿದ ಆ ಪ್ರತಿಯನ್ನು ಜಮಖಂಡಿಯವನು ತನ್ನ ದುಡ್ಡು ಕೊಟ್ಟು ಕೊಂಡು ಮನೆಗೆ ತರುವಂತಾಗಬೇಕು. ಆಗ ಆ ಪುನರುಜ್ಜೀವನ ಪೂರ್ಣವಾಗುತ್ತದೆ.

ಹೊರದೇಶದ ಒಂದು ಸಾಕ್ಷಿಯೂ ಇದೆ. ಇರಾನಿನ ಮೊಹಮ್ಮದ್ ರೆಜಾ ಅಸ್ಲಾನಿ 1976ರಲ್ಲಿ ತೆಗೆದ 'ಚೆಸ್ ಆಫ್ ದ ವಿಂಡ್' ಕ್ರಾಂತಿಯ ನಂತರ ನಿಷೇಧಕ್ಕೊಳಗಾಗಿ ಕಳೆದೇಹೋಯಿತು ಎನ್ನಲಾಗಿತ್ತು. ಮಸುಕಾದ ವಿ.ಎಚ್.ಎಸ್. ಪ್ರತಿಗಳು ಕೈಯಿಂದ ಕೈಗೆ ದಾಟಿ ಅದರ ಹೆಸರನ್ನು ಜೀವಂತವಾಗಿಟ್ಟವು. 2014ರಲ್ಲಿ ತೆಹರಾನಿನ ಹಳೆ ಸಾಮಾನಿನ ಅಂಗಡಿಯಲ್ಲಿ ನೆಗೆಟಿವ್ ಸಿಕ್ಕಿತು. ಅದನ್ನು ಶುದ್ಧಗೊಳಿಸಿ 2022ರಲ್ಲಿ ಅಮೆರಿಕದ ಕ್ರೈಟೀರಿಯನ್ ಕಂಪನಿ ಡಿಸ್ಕ್ ಮಾಡಿತು.  ಕೆಟ್ಟ ಪ್ರತಿ ಹಿಡಿದು ಕಾದುಕುಳಿತ ಅಭಿಮಾನಿಗಳಿದ್ದುದರಿಂದಲೇ ಒಳ್ಳೆಯ ಪ್ರತಿಗೆ ಬೇಡಿಕೆ ಬಂತು. ಅಂಥ ಅಭಿಮಾನಿಗಳು ನಿಮಗೂ ಇದ್ದಾರೆ, ನಾವಿದ್ದೇವೆ.

"ಇಂಥ ಸಿನಿಮಾ, ಇಂಥ ಸಂಗೀತ ತಾಲ್ಲೂಕು ಊರುಗಳಲ್ಲಿ ಯಾರಿಗೆ ಬೇಕು?" ಎಂದು ನೀವು ಕೇಳಬಹುದು. ರಾತ್ರಿ ಶುರುವಾದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳಗಾಗುವವರೆಗೆ ಕುಳಿತು ನೋಡುವ ಸೀಮೆ ಇದು. ಡೊಳ್ಳಿನ ಪದದಲ್ಲಿ, ಗೀಗೀ ಪದದ ಸವಾಲು-ಜವಾಬಿನಲ್ಲಿ ತಾಳ ತಪ್ಪಿದರೆ ಎದ್ದುನಿಂತು ಕೇಳುವ ಜನ. ನಿಧಾನದ ಕಥೆ, ಉದ್ದದ ಮೌನ, ಪರಿಚಯವಿಲ್ಲದ ದನಿ ಇವಕ್ಕೆ ಹೆದರುವವರಲ್ಲ. ಅವರಿಗೆ ಈ ಕೃತಿಗಳು ಹಿಡಿಸವು ಎಂದು ಅವರಿಗೆ ತೋರಿಸದೆಯೇ ತೀರ್ಮಾನಿಸಬೇಡಿ.

"ಓಟಿಟಿಯಲ್ಲಿ ಹಾಕುತ್ತೇವೆ" ಎಂದರೂ ಸಾಲದು. ಒಪ್ಪಂದ ಮುಗಿದ ದಿನ ಸಿನಿಮಾ ಅಲ್ಲಿಂದ ಮಾಯವಾಗುತ್ತದೆ, ನೋಡುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಡಿಸ್ಕ್ ಕೊಂಡವನು ಮಗಳಿಗೆ ಕೊಡಬಹುದು, ಕಾಲೇಜಿಗೆ ಕೊಡಬಹುದು. ಸಾವಿರಗಟ್ಟಲೆ ಬೇಡ, ಮುಂಗಡ ಹಣ ಪಡೆದು ಕೆಲವೇ ನೂರು ಪ್ರತಿ ಮಾಡಿಸಿ. ಕನ್ನಡ ಮತ್ತು ಇಂಗ್ಲಿಷ್ ಉಪಶೀರ್ಷಿಕೆ ಇರಲಿ. ಕಿವಿ ಕೇಳದ ಕನ್ನಡಿಗನೂ ನೋಡಲಿ. ಹಿನ್ನೆಲೆ ಸಂಗೀತ ಬೇರೆ ಡಿಸ್ಕಿನಲ್ಲಿರಲಿ. ಛಾಯಾಗ್ರಾಹಕ, ಸಂಕಲನಕಾರ, ವಾದ್ಯಗಾರರ ಹೆಸರು ಬರೆದ ಪುಸ್ತಿಕೆ ಜೊತೆಗಿರಲಿ. ಸರ್ಕಾರ ಕನ್ನಡ ಪುಸ್ತಕಗಳನ್ನು ಗ್ರಂಥಾಲಯಗಳಿಗಾಗಿ ಸಗಟಾಗಿ ಕೊಳ್ಳುವಂತೆ ಈ ಡಿಸ್ಕುಗಳನ್ನೂ ಕೊಳ್ಳಲಿ ಎಂದು ಚಲನಚಿತ್ರ ಅಕಾಡೆಮಿಯ ಮೂಲಕ ಕೇಳಿ, ನಾವೂ ದನಿಗೂಡಿಸುತ್ತೇವೆ.

ಇವೆಲ್ಲಕ್ಕೂ ಮೊದಲು ಒಂದು ಕೆಲಸ ಮಾಡಿ. ಅದಕ್ಕೆ ದುಡ್ಡು ಬೇಕಿಲ್ಲ. ನಿಮ್ಮ ಬಳಿ ಯಾವ ಸಿನಿಮಾದ ನೆಗೆಟಿವ್ ಇದೆ, ಯಾವುದರ ಪ್ರಿಂಟ್ ಮಾತ್ರ ಇದೆ, ಯಾವ ಮಾಸ್ಟರ್ ಟೇಪು ಇನ್ನೂ ಓಡುತ್ತದೆ, ಯಾವುದು ಕೆಟ್ಟಿದೆ ಎಂಬ ಪಟ್ಟಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ. ಇಲ್ಲದ್ದನ್ನು ಇಲ್ಲ ಎಂದು ಬರೆಯಿರಿ. ಆಗ ಯಾರ ಮನೆಯ ಅಟ್ಟದಲ್ಲಿ ಯಾವ ಪ್ರತಿ ಇದೆಯೋ ಅವರು ಮುಂದೆ ಬರುತ್ತಾರೆ. ಹಣ ಕೂಡಿಸುವವರಿಗೂ ಯಾವುದನ್ನು ಮೊದಲು ಉಳಿಸಬೇಕೆಂದು ತಿಳಿಯುತ್ತದೆ. ಪಟ್ಟಿ ನಿಮ್ಮಿಂದ ಬರಲಿ. ಹುಡುಕುವ, ಮುಂಗಡ ಕಟ್ಟುವ, ನಮ್ಮ ಸೀಮೆಯ ಊರುಗಳಲ್ಲಿ ಪರದೆ ಕಟ್ಟಿ ಜನ ಸೇರಿಸುವ ಹೊಣೆ ನಮ್ಮದು.

ಇಂತಿ,
ಮುಧೋಳದ ಒಬ್ಬ ನೋಡುಗ, ಕೇಳುಗ