ಗಂಟೆಗೆ ಏಳು ರೂಪಾಯಿ

"ಭಾವ, ಇದು ಜೂಜಲ್ಲ, ಲೆಕ್ಕಾಚಾರ" ಅಂತ ನನ್ನ ಭಾವಮೈದುನ ಶುರು ಮಾಡಿದರೆ ನಾನು ಇನ್ನೊಂದು ಲೋಟ ಕಾಫಿಗೆ ಹೇಳಿಬಿಡುತ್ತಿದ್ದೆ. ಬೇಗ ಮುಗಿಯುವ ಮಾತಲ್ಲ ಅದು. 110 ರೂಪಾಯಿಯ ಚಿಕ್ಕ ಆನ್‌ಲೈನ್ ಪೋಕರ್ ಟೂರ್ನಿಗಳನ್ನು ಆಡಿಕೊಂಡೇ ಸಂಸಾರ ತೂಗಿಸಬಹುದು ಅನ್ನುವುದು ಅವನ ವಾದ. ಸಾಕ್ಷಿಗೆ ಅಮೆರಿಕದ ಟೆನೆಸೀಯ ಒಬ್ಬ ಲೆಕ್ಕಿಗ. 2003ರಲ್ಲಿ 86 ಡಾಲರಿನ ಆನ್‌ಲೈನ್ ಟೂರ್ನಿಯಿಂದ ಲಾಸ್ ವೇಗಾಸ್‌ನ ವಿಶ್ವ ಸರಣಿಗೆ ಸೀಟು ಗಿಟ್ಟಿಸಿ, 25 ಲಕ್ಷ ಡಾಲರ್ ಬಾಚಿಕೊಂಡ ಪುಣ್ಯಾತ್ಮ. ಹೆಸರು ಕ್ರಿಸ್ ಮನಿಮೇಕರ್. ಹೆಸರೇ ಹಾಗಿದ್ದರೆ ದುಡ್ಡು ಬರದೆ ಇನ್ನೇನು? ನಮ್ಮವನ ಊರು ಸಾಲಿಗ್ರಾಮ. ಅರ್ಧ ಹೇಳುವಷ್ಟರಲ್ಲೇ ಸಾಲಿಗ ಅಂದಂತಾಗುತ್ತದೆ.

"ಆ ವರ್ಷ ಆಡಿದ್ದು 839 ಜನ. ಉಳಿದ 838ರಲ್ಲಿ ಒಬ್ಬನ ಹೆಸರು ಹೇಳೋ ನೋಡೋಣ" ಎಂದೆ, ಸಿಕ್ಕಿಬಿದ್ದ ಅಂದುಕೊಂಡು.

"ಸ್ಯಾಮಿ ಫರ್ಹಾ, ಭಾವ. ಎರಡನೆಯವನು. ಅವನಿಗೂ 13 ಲಕ್ಷ ಡಾಲರ್."

ಇಂಥವರ ಹತ್ತಿರ ಬಾಯಿಲೆಕ್ಕ ನಡೆಯುವುದಿಲ್ಲ. ಪೆನ್ನು ತೆಗೆದೆ.

ನೂರು ಜನ, ತಲೆಗೆ 110. ಅದರಲ್ಲಿ 100 ಬಹುಮಾನದ ಗಂಟಿಗೆ, 10 ಆಟ ನಡೆಸುವವನಿಗೆ. ಹಳ್ಳಿಯಲ್ಲಿ ಇಸ್ಪೀಟಿಗೆ ಜಾಗ ಕೊಟ್ಟವನು ದೀಪದೆಣ್ಣೆಗೆ, ಟೀಗೆ ಅಂತ ಪಾಲು ಎತ್ತುತ್ತಿದ್ದನಲ್ಲ, ಅದೇ ಇದು. ಇಲ್ಲಿ ಟೀ ಕೊಡುವುದಿಲ್ಲ, ಅಷ್ಟೇ. ದುಡ್ಡು ಕಾಣುವವರು ಹದಿನೈದು ಜನ, ಅದರಲ್ಲೂ ಮೇಲಿನ ಮೂವರದೇ ದೊಡ್ಡ ಪಾಲು. ಗೆಲ್ಲುತ್ತಿರುವಾಗ ಎದ್ದು ಹೋಗೋಣವೆಂದರೆ ಟೂರ್ನಿಯ ಚಿಪ್ಪಿಗೆ ಹೊರಗೆ ಮೂರು ಕಾಸಿನ ಬೆಲೆಯಿಲ್ಲ. ಕೂರಲೇಬೇಕು. ಕೂತಷ್ಟೂ ಕಡ್ಡಾಯದ ಪಣ ಏರುತ್ತದೆ. ಕೈಯಲ್ಲಿ ಎರಡು ಎಕ್ಕ ಹಿಡಿದು ಸರ್ವಸ್ವ ಒಡ್ಡಿದರೂ ಎದುರಿನವನ ಜೋಡಿ ರಾಜ ಹೆಚ್ಚುಕಡಿಮೆ ಐದು ಸಲಕ್ಕೊಮ್ಮೆ ನಮ್ಮನ್ನು ಮನೆಗೆ ಕಳಿಸುತ್ತದೆ. ಎಂಥ ನಿಪುಣನೂ ಬಹಳಷ್ಟು ರಾತ್ರಿ ಬರಿಗೈಯಲ್ಲೇ ಮಲಗುತ್ತಾನೆ.

"ಆದ್ರೂ ನೂರಕ್ಕೆ ಇಪ್ಪತ್ತು ಲಾಭ ಇದೆ ಭಾವ, ಎಕ್ಸೆಲ್‌ನಲ್ಲಿ ಬರೆದಿಟ್ಟಿದೀನಿ!"

ಆಯ್ತಪ್ಪ, ನಂಬಿದೆ. ಟೂರ್ನಿಗೆ 22 ರೂಪಾಯಿ. ಮೂರು ಗಂಟೆ ಕಣ್ಣು ಕೀಲಿಸಿ ಕೂತಿದ್ದಕ್ಕೆ.

ಅಡುಗೆಮನೆಯಿಂದ ಅವನಕ್ಕನ ದನಿ ಬಂತು: "ಗಂಟೆಗೆ ಏಳು ರೂಪಾಯಿ ನಾನೇ ಕೊಡ್ತೀನಿ, ಬಂದು ಅವರೆಕಾಳು ಹಿದುಕು."

"ಒಂದೇ ಸಲ ಎಂಟು ಟೇಬಲ್ ಆಡ್ತೀನಕ್ಕಾ!"

"ಹಾಗಾದ್ರೆ ಎಂಟು ಸೇರು ಹಿದುಕು."

ಇದು ಅವನ ಸುವರ್ಣಯುಗದ ಮಾತು. ಆನ್‌ಲೈನ್ ದುಡ್ಡಿನಾಟದ ಮೇಲೆ ರಾಜ್ಯ ಹೇರಿದ್ದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿದಾಗ ತಾನೇ ವಾದಿಸಿ ಗೆದ್ದವನಂತೆ ಮೈಸೂರು ಪಾಕ್ ಹಂಚಿದ್ದ. ಮರುವರ್ಷ ಏಪ್ರಿಲ್‌ನಿಂದ ನಿವ್ವಳ ಗೆಲುವಿಗೆ ಮೂವತ್ತು ಪರ್ಸೆಂಟ್ ಟಿಡಿಎಸ್ಸಿನ ಹೊಸ ಕಟ್ಟಳೆ. ಅಕ್ಟೋಬರ್‌ನಿಂದ ಕಟ್ಟುವ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ: 128 ಕೊಟ್ಟರೆ ಆಟಕ್ಕೆ ಉಳಿಯುತ್ತಿದ್ದದ್ದು 100. ಇಪ್ಪತ್ತೆಂಟು ಅಂತ ನಮ್ಮಲ್ಲೊಂದು ಇಸ್ಪೀಟು ಆಟವೇ ಇದೆ. ಸರ್ಕಾರಕ್ಕೂ ಅದು ಚೆನ್ನಾಗಿ ಬರುತ್ತದೆ ಅಂತ ಆಗ ಗೊತ್ತಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಅಂತ ಕೂಡ ಕೇಳದೆ, ಆನ್‌ಲೈನಿನ ದುಡ್ಡಿನಾಟವನ್ನೇ ನಿಷೇಧಿಸಿತು. ಆ್ಯಪ್‌ಗಳು ಬಾಗಿಲೆಳೆದುಕೊಂಡವು. ಎಕ್ಸೆಲ್ ಷೀಟಿನ ಕೊನೆಯ ಸಾಲನ್ನು ಮಾತ್ರ ಅವನು ಇವತ್ತಿಗೂ ತೋರಿಸಿಲ್ಲ.

ಆ ದೀಪಾವಳಿಗೆ ಹಜಾರದಲ್ಲಿ ಚಾಪೆ ಹಾಸಿ ಇಪ್ಪತ್ತೆಂಟು ಆಡಿದೆವು, ಹುಣಸೆಬೀಜ ಪಣಕ್ಕಿಟ್ಟು. ಒಂದೂವರೆ ಗಂಟೆಯಲ್ಲಿ ಅವನ ಬೀಜಗಳೆಲ್ಲ ನಮ್ಮತ್ತೆಯವರ ಮುಂದೆ ಗುಡ್ಡೆಯಾಗಿದ್ದವು. ಅವರು ಅವನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಎದ್ದರು.

"ಅಮ್ಮಾ, ಆಟ ಇನ್ನೂ ಮುಗಿದಿಲ್ಲ!"

"ನಿಂಗೆ ಮುಗಿದಿಲ್ಲ ಕಣೋ. ನಂಗೆ ನಿದ್ದೆ ಬಂತು."