ಬಳಸಿದ ಬ್ಯಾಲೆ ಶೂಗಳ ಸ್ಥಳೀಯ ವಿಲೇವಾರಿ: ಒಂದು ತಜ್ಞ ವರದಿ

ಕುಣಿದು ಸವೆಸಿದ ಬ್ಯಾಲೆ ಶೂಗಳ ವಿಷಯದಲ್ಲಿ ದಾವಣಗೆರೆಯಿಂದ ಹರಿಹರದವರೆಗಿನ ಸುಮಾರು 14 ಕಿಲೋಮೀಟರಿಗೆ ನಾನೊಬ್ಬನೇ ತಜ್ಞ. ಬೇರೆ ಯಾರೂ ನಾಮಪತ್ರ ಸಲ್ಲಿಸದ ಕಾರಣ ಅವಿರೋಧವಾಗಿ ಆಯ್ಕೆಯಾಗಿದ್ದೇನೆ. ಅಮೆರಿಕದಲ್ಲಿರುವ ಅಕ್ಕನ ಮಗಳು ಊರಿಗೆ ಬಂದಾಗ ಬಾದಾಮಿ, ಚಾಕೊಲೇಟು, ಮೊಣಕಾಲು ನೋವಿನ ಮುಲಾಮುಗಳ ಜೊತೆಗೆ ತನ್ನ ಮಗಳ ಹಳೇ ಶೂ ಒಂದು ಜೊತೆ ತಂದಿದ್ದಳು. "ಬಿಸಾಕೋಕೆ ಮನಸ್ಸು ಬರ್ಲಿಲ್ಲ ಮಾಮ, ನಿಮ್ಮ ಬೇಸಿಗೆ ಶಿಬಿರದ ಮಕ್ಕಳಿಗೆ ಏನಾದ್ರೂ ಉಪಯೋಗ ಆಗುತ್ತಾ ನೋಡಿ" ಅಂತ ಕೊಟ್ಟು ಹೋದಳು. ನಾನು ನಮ್ಮ ಬಡಾವಣೆಯ ಶಿಬಿರ ಸಮಿತಿಯ ಸಹಕಾರ್ಯದರ್ಶಿ. ಸಮಿತಿಗೆ ಬಂದ ವಸ್ತು ಯಾವುದೇ ಇರಲಿ, ಅದರ ಮೇಲೆ ಒಂದು ವರದಿ ಆಗಬೇಕು.

ವಸ್ತುವಿನ ವಿವರ ಹೀಗಿದೆ. ಬಣ್ಣ ಮಾಗಿದ ಪೀಚ್ ಹಣ್ಣಿನದು ಎಂದು ಅಕ್ಕನ ಮಗಳು ಹೇಳಿದಳು. ಪೀಚ್ ಹಣ್ಣು ಕಾಣದ ಸಮಿತಿ ಸದಸ್ಯರು ಅದನ್ನು ತೊಳೆದ ಗೋಡೆಯ ಬಣ್ಣ ಎಂದು ದಾಖಲಿಸಿದರು. ತುದಿಯಲ್ಲಿ ಸ್ಯಾಟಿನ್ ಪೂರ್ತಿ ಹರಿದು ಒಳಗಿನ ಬೂದು ಬಟ್ಟೆ ಕಾಣುತ್ತದೆ. ಹರಿದ ಜಾಗದ ಸುತ್ತ ದಪ್ಪ ದಾರದಲ್ಲಿ ಯಾರೋ ತಾಳ್ಮೆಯಿಂದ ಹೊಲಿಗೆ ಹಾಕಿದ್ದಾರೆ. ಮೂಸಿದರೆ ಬೆವರು, ಅಂಟು, ಸ್ವಲ್ಪ ವಿಮಾನ. ಬೆರಳಿನ ಕಡೆ ಗಟ್ಟಿಯಾಗಿರುವ ಆ ಗೂಡಿನಲ್ಲಿ ಮರ ಇದೆ ಎಂದು ಸಮಿತಿಯ ಖಜಾಂಚಿ ಪಂತ ಕಟ್ಟಿದ್ದರು. ಇಲ್ಲ. ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ, ಅಷ್ಟೇ. ಬೆವರು ತಾಗಿ ಅಂಟು ಮೆತ್ತಗಾದರೆ ಶೂ ಕತೆ ಮುಗಿಯಿತು. ದೊಡ್ಡ ಕಂಪನಿಗಳ ಮುಖ್ಯ ನರ್ತಕಿ ಒಂದೇ ಪ್ರದರ್ಶನಕ್ಕೆ ಒಂದು ಜೊತೆ ಮುಗಿಸುವುದುಂಟು. ಹೊಸದನ್ನು ಅವರು ನೇರವಾಗಿ ಹಾಕಿಕೊಳ್ಳುವುದೂ ಇಲ್ಲ. ನೆಲಕ್ಕೆ ಬಡಿಯುತ್ತಾರೆ, ಬಗ್ಗಿಸುತ್ತಾರೆ, ಬಾಗಿಲ ಸಂದಿಗೆ ಇಟ್ಟು ಒತ್ತುತ್ತಾರೆ. ಇಷ್ಟೆಲ್ಲ ಹಿಂಸೆ ಅನುಭವಿಸಿ ಒಂದು ಸಂಜೆ ಬದುಕಿ ಸತ್ತ ಶೂಗೆ ನರ್ತಕಿ ಸಹಿ ಹಾಕುತ್ತಾಳೆ, ಅಭಿಮಾನಿಗಳು ದುಡ್ಡು ಕೊಟ್ಟು ಒಯ್ಯುತ್ತಾರೆ.

ಅಭಿಮಾನದ ಮಿತಿ ಎಲ್ಲಿಯವರೆಗೆ ಎಂಬುದಕ್ಕೂ ಪೂರ್ವನಿದರ್ಶನವಿದೆ. ಬೆರಳ ತುದಿಯ ಕುಣಿತವನ್ನು ಜಗತ್ತಿಗೆ ಹಿಡಿಸಿದವಳು ಮಾರಿ ತಾಗ್ಲಿಯೋನಿ. ರಷ್ಯಾದಲ್ಲಿ ಅವಳ ಕೊನೆಯ ಪ್ರದರ್ಶನ ಮುಗಿದ ಮೇಲೆ, 1842ರಲ್ಲಿ, ಅಭಿಮಾನಿಗಳು ಅವಳ ಶೂ ಕೊಂಡು, ಬೇಯಿಸಿ, ಮೇಲೆ ಸಾಸ್ ಸುರಿದು ತಿಂದರು ಎಂಬ ಕತೆ ಬ್ಯಾಲೆ ಚರಿತ್ರೆಯಲ್ಲಿ ಓಡಾಡುತ್ತದೆ. ಇದನ್ನು ಸಭೆಯಲ್ಲಿ ಓದಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. "ಬೆಣ್ಣೆ ಎಷ್ಟು ಹಾಕಿದ್ರಂತೆ?" ಎಂದಷ್ಟೇ ಕೇಳಿದರು. ಆ ಪ್ರಯೋಗಕ್ಕೆ ಬೇಕಾದ ಬೆಣ್ಣೆ, ಕಾವಲಿ, ಪಲ್ಯ, ಚಟ್ನಿ ದಾವಣಗೆರೆಯಲ್ಲಿ ಲಭ್ಯವಿದ್ದು, ಸದ್ಯಕ್ಕೆ ಅಗತ್ಯ ಬಿದ್ದಿಲ್ಲ ಎಂದು ನಡಾವಳಿಯಲ್ಲಿ ಬರೆದಿದ್ದೇನೆ.

ತಾಂತ್ರಿಕ ಅಭಿಪ್ರಾಯಕ್ಕಾಗಿ ಶೂಗಳನ್ನು ಹರಿಹರಕ್ಕೆ ಒಯ್ಯಲಾಯಿತು. ಇದಕ್ಕೆ ಕಾರಣ ಕೊಡಬೇಕು. ಬ್ಯಾಲೆಯ ಹೃದಯ ಎಂದರೆ ಒಂದೇ ಬಿಂದುವಿನ ಮೇಲೆ ತಿರುಗುವುದು. 1895ರಲ್ಲಿ ಪೀಟರ್ಸ್‌ಬರ್ಗಿನ 'ಸ್ವಾನ್ ಲೇಕ್'ನಲ್ಲಿ ಪಿಯೆರಿನಾ ಲೆನ್ಯಾನಿ ಒಂಟಿ ಕಾಲಿನ ಮೇಲೆ ಬಿಡದೆ 32 ಸುತ್ತು ತಿರುಗಿದಳು. ಅವಳ ಪಾತ್ರ ಮಾಡುವವರು ಇಂದಿಗೂ ಆ ಲೆಕ್ಕ ಒಪ್ಪಿಸಬೇಕು. ತಿರುಗುವ ವಿದ್ಯೆಯಲ್ಲಿ ಹರಿಹರಕ್ಕೆ ಇದಕ್ಕಿಂತ ಹಳೆಯ ಅನುಭವವಿದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದದ್ದು. ಏಳುನೂರು ವರ್ಷದ ಮೇಲೆ, 1941ರಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅದೇ ಊರಿಗೆ ಬಂದು ಲೇತ್ ತಯಾರಿಸತೊಡಗಿತು. ಕಲ್ಲನ್ನೂ ಕಬ್ಬಿಣವನ್ನೂ ತಿರುಗಿಸಿ ನೋಡಿದ ಊರು. ಒಬ್ಬ ಹುಡುಗಿ ತಿರುಗಿದ್ದನ್ನು ಪರಿಶೀಲಿಸಲು ಇದಕ್ಕಿಂತ ಅರ್ಹ ಸ್ಥಳ ಪೀಟರ್ಸ್‌ಬರ್ಗಿನಲ್ಲೂ ಸಿಗಲಾರದು.

ಅಲ್ಲಿ ನಿವೃತ್ತ ಟರ್ನರ್ ಒಬ್ಬರಿದ್ದಾರೆ. ಕನ್ನಡಕ ಏರಿಸಿ, ಶೂವಿನ ತುದಿಯನ್ನು ಹೆಬ್ಬೆರಳಲ್ಲಿ ಸವರಿ, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನೋಡ್ರಿ ಸರ, ಇದು ಡೆಡ್ ಸೆಂಟರ್. ಗ್ರೀಸ್ ಹಾಕದಂಗೆ ಓಡಿಸ್ಯಾರ. ಅದ್ಕ ಮೂತಿ ಸುಟ್ಟೈತಿ" ಎಂದರು. ಲೇತ್‌ನಲ್ಲಿ ತಿರುಗುವ ವಸ್ತುವನ್ನು ತಾನು ತಿರುಗದೆ ಆನಿಸಿ ಹಿಡಿಯುವ ಮೊನೆಯೇ ಡೆಡ್ ಸೆಂಟರ್. ಮಗು ಅಷ್ಟು ವೇಗವಾಗಿ ತಿರುಗುವಾಗ ಏನು ಮಾಡಬೇಕು ಎಂದು ಕೇಳಿದೆ. ಬೇರಿಂಗ್ ಇರುವ ಲೈವ್ ಸೆಂಟರ್ ಕೂರಿಸಬೇಕು, ಇಲ್ಲದಿದ್ದರೆ ವೇಗ ಇಳಿಸಬೇಕು. ಸವೆತ ಒಂದೇ ಕಡೆ ಹೆಚ್ಚಿರುವುದನ್ನು ತೋರಿಸಿ, "ಜಾಬ್ ಸ್ವಲ್ಪ ಔಟ್ ಐತಿ, ಬಲಕ್ಕ ವಾಲತೈತಿ" ಎಂದೂ ಸೇರಿಸಿದರು. ಅಕ್ಕನ ಮಗಳಿಗೆ ಫೋನ್ ಮಾಡಿ ವಿಚಾರಿಸಿದೆ. ಅಲ್ಲಿನ ಡ್ಯಾನ್ಸ್ ಟೀಚರ್ ವರ್ಷದಿಂದ ಅದನ್ನೇ ಹೇಳುತ್ತಿದ್ದಾರಂತೆ, ಗಂಟೆಗೆ ಡಾಲರ್ ತೆಗೆದುಕೊಂಡು. ನಮ್ಮವರು ಒಂದು ಲೋಟ ಚಹಾಕ್ಕೆ ಹೇಳಿದರು.

ಇನ್ನು ಶಿಬಿರದ ಭರತನಾಟ್ಯದ ಮಕ್ಕಳಿಗೂ ಈ ಶೂಗೂ ಏನು ಸಂಬಂಧ ಎಂಬ ಆಕ್ಷೇಪ ಸಭೆಯಲ್ಲಿ ಬಂತು. ಸಂಬಂಧವಿದೆ. ರಷ್ಯಾದ ಅನ್ನಾ ಪಾವ್ಲೋವಾ ಅವರ ಸ್ನೇಹದಿಂದ ಬ್ಯಾಲೆ ಕಲಿಯಲು ಹೊರಟ ರುಕ್ಮಿಣಿ ದೇವಿ ಅರುಂಡೇಲ್, ನಿಮ್ಮ ದೇಶದ ನೃತ್ಯವನ್ನೇ ನೋಡಿ ಎಂಬ ಪಾವ್ಲೋವಾ ಸಲಹೆಯಿಂದ ಈ ಕಡೆ ತಿರುಗಿದರು. 1935ರಲ್ಲಿ ಅಡ್ಯಾರಿನಲ್ಲಿ ಭರತನಾಟ್ಯದ ರಂಗವೇರಿದರು. ಮರುವರ್ಷ ಕಲಾಕ್ಷೇತ್ರ ಹುಟ್ಟಿತು. ಮಧ್ಯಮ ವರ್ಗದ ಮನೆಗಳು ಹೆಣ್ಣುಮಕ್ಕಳನ್ನು ಧೈರ್ಯವಾಗಿ ನೃತ್ಯಕ್ಕೆ ಕಳಿಸತೊಡಗಿದ್ದರಲ್ಲಿ ಇದರ ಪಾಲು ದೊಡ್ಡದು. ಆ ಲೆಕ್ಕದಲ್ಲಿ ದಾವಣಗೆರೆಯ ನಮ್ಮ ಎಂಸಿಸಿ ಬಿ ಬ್ಲಾಕಿನಲ್ಲಿ ಸಂಜೆ ಐದಕ್ಕೆ ಕೇಳುವ ತಟ್ಟುಮೆಟ್ಟಿಗೂ ಈ ಹರಿದ ಸ್ಯಾಟಿನ್‌ಗೂ ದೂರದ ನೆಂಟಸ್ತಿಕೆ ಇದೆ. ಮದುವೆಗೆ ಕರೆಯುವಷ್ಟು ಹತ್ತಿರದ್ದಲ್ಲ, ಗೃಹಪ್ರವೇಶಕ್ಕೆ ಕರೆಯಬಹುದು.

ಹೋಲಿಕೆಗಾಗಿ ನಮ್ಮ ಶಿಬಿರದ ಗೆಜ್ಜೆಗಳನ್ನು ತಪಾಸಣೆ ಮಾಡಿದೆ. ಫಲಿತಾಂಶ ವೈಜ್ಞಾನಿಕವಾಗಿ ಕಳವಳಕಾರಿ. ದೊಡ್ಡ ಮಗಳಿಗೆಂದು ತಂದ ಗೆಜ್ಜೆ ಚಿಕ್ಕವಳಿಗೆ ಬಂದು, ಅಲ್ಲಿಂದ ಚಿಕ್ಕಪ್ಪನ ಮನೆಗೆ ಹೋಗಿ, ಪಕ್ಕದ ಮನೆಯ ಮಗುವಿನ ಕಾಲಿಗೆ ತಲುಪಿದ್ದರೂ ಹೊಸದರ ಹಾಗೆಯೇ ಇದೆ. ಚರ್ಮದ ಪಟ್ಟಿ ಬಿರುಸು. ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಿದ ಹೊಳಪು. ಒಳಗಿನ ಕಬ್ಬಿಣದ ಗುಂಡು ಎಲ್ಲವೂ ಹಾಜರು. ಕುಣಿತದಿಂದ ಸವೆದದ್ದು ಎಂದು ತೋರಿಸಲು ಒಂದು ಗೆಜ್ಜೆಯೂ ಸಿಗಲಿಲ್ಲ.

ಕಾರಣ ಹುಡುಕಲು ಸಮಾರೋಪ ಸಮಾರಂಭದ ದಿನ ಗಡಿಯಾರ ಹಿಡಿದು ಕೂತೆ. ಆಹ್ವಾನ ಪತ್ರಿಕೆಯಲ್ಲಿ ಸಂಜೆ ಐದು. ಗಣ್ಯರು ಬಂದದ್ದು ಆರೂಮುಕ್ಕಾಲಿಗೆ, ಅದೂ ಸಮಯಪ್ರಜ್ಞೆಗೆ ಹೆಸರಾದವರು ಮಾತ್ರ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ದೀಪ ಬೆಳಗಲು ಫ್ಯಾನ್ ಆರಿಸಿದರು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಫ್ಯಾನ್ ಆರಿಸಿದ ಸಭೆ ಎಂದರೆ ಅದೇ ಒಂದು ವ್ರತ. ಮುಖ್ಯ ಅತಿಥಿಗಳು "ಹೆಚ್ಚು ಮಾತನಾಡುವುದಿಲ್ಲ, ಮಕ್ಕಳು ಕಾಯುತ್ತಿದ್ದಾರೆ" ಎಂದು ಆರಂಭಿಸಿ ತಮ್ಮ ಬಾಲ್ಯ, ಹತ್ತಿ ಗಿರಣಿಗಳ ಕಾಲ, ಮೊಬೈಲಿನ ಹಾವಳಿ ಇವುಗಳನ್ನು ಒಂದೊಂದಾಗಿ ಮುಗಿಸಿದರು. ನಡುವೆ ಕರೆಂಟ್ ಹೋಯಿತು. ಮೈಕ್ ಇಲ್ಲದೆಯೂ ಮಾತು ಮುಂದುವರಿಯಿತು. ಆಮೇಲೆ ಸನ್ಮಾನ. ಮಕ್ಕಳ ನೃತ್ಯಕ್ಕೆ ಉಳಿದದ್ದು ನಾಲ್ಕು ನಿಮಿಷ. ಅದರಲ್ಲಿ ಒಂದನ್ನು ಪೆನ್‌ಡ್ರೈವ್ ತಿಂದಿತು. ಬಣ್ಣ ಹಚ್ಚಿಕೊಂಡ ಅರ್ಧ ಮಕ್ಕಳು ಆಗಲೇ ಅಮ್ಮಂದಿರ ಹೆಗಲ ಮೇಲೆ ನಿದ್ದೆಗೆ ಜಾರಿದ್ದರು. ಎಚ್ಚರವಿದ್ದವರ ಕೈಯಲ್ಲಿ ಮಂಡಕ್ಕಿಯ ಪೊಟ್ಟಣ.

ಕಂಪನಿ ನಾಟಕದವರ ಊರಿನಲ್ಲಿ ಹೀಗಾಗಬಾರದಿತ್ತು ಎನ್ನುವವರಿದ್ದಾರೆ. ಚಿಂದೋಡಿ ಲೀಲಾ ಅವರು ಕೆಬಿಆರ್ ಡ್ರಾಮಾ ಕಂಪನಿಯೊಂದಿಗೆ ಊರೂರು ಕ್ಯಾಂಪ್ ಹಾಕುತ್ತಿದ್ದ ಕಾಲದಲ್ಲಿ ವೇದಿಕೆಯ ಮೇಲೆ ಇರುತ್ತಿದ್ದವರು ನಟರು. ಅಂದಿನ ವ್ಯವಸ್ಥೆ ಅಷ್ಟು ಹಿಂದುಳಿದಿತ್ತು.

ಹಾಗಾದರೆ ನಮ್ಮಲ್ಲಿ ಸವೆಯುವುದು ಏನು? ಶೂ ಪರೀಕ್ಷಿಸಿದ ವಿಧಾನದಲ್ಲೇ ಸನ್ಮಾನದ ಶಾಲು ಪರೀಕ್ಷಿಸಿದೆ. ಅಂಚು ಬಿಚ್ಚಿದೆ, ಜರಿ ಉದುರಿದೆ, ಮಡಿಕೆಯ ಗೆರೆ ಬಟ್ಟೆಯಲ್ಲೇ ಕೂತುಬಿಟ್ಟಿದೆ. ಹೆಗಲಿಗೆ ಹೊದಿಸಿ, ಫೋಟೋ ಆಗಿ, ಹಿಂದಿನಿಂದ ಸ್ವಯಂಸೇವಕ ಮೆಲ್ಲಗೆ ಎಳೆದುಕೊಂಡು, ಮಡಚಿ, ಮುಂದಿನ ಗಣ್ಯರ ತಟ್ಟೆಗೆ ಇಡುವಷ್ಟರಲ್ಲಿ ಅದರ ಮೇಲೆ ಬೀಳುವ ಒತ್ತಡಕ್ಕೆ ಲೆನ್ಯಾನಿಯ 32 ಸುತ್ತೂ ಸಾಟಿಯಲ್ಲ. ಒಂದೇ ಸಂಜೆಯಲ್ಲಿ ಮುಗಿದುಹೋಗುವ ಸಲಕರಣೆ ಅಲ್ಲಿ ಶೂ, ಇಲ್ಲಿ ಶಾಲು. ಇದು ಈ ವರದಿಯ ಮುಖ್ಯ ಶೋಧನೆ. ಸಮಿತಿ ಅದನ್ನು ಚಪ್ಪಾಳೆಯೊಂದಿಗೆ ಸ್ವೀಕರಿಸಿ, ನನಗೂ ಒಂದು ಶಾಲು ಹೊದಿಸಿತು. ವಾಪಸು ತೆಗೆದುಕೊಂಡರು.

ಶೂಗಳ ವಿಲೇವಾರಿ ಮಾತ್ರ ಬಾಕಿ ಉಳಿದಿತ್ತು. ಅವುಗಳಲ್ಲಿ ಕಾಲಿಡುವ ಮಕ್ಕಳು ಶಿಬಿರದಲ್ಲಿ ಇರಲಿಲ್ಲ. ಆದರೆ ನೆನಪಿನ ಕಾಣಿಕೆಗೆ ಗಣ್ಯರಿದ್ದರು. ಒಂದೊಂದು ಶೂವನ್ನೂ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಕೆಳಗೆ ಹಿತ್ತಾಳೆ ತಗಡಿನಲ್ಲಿ ಸಮಿತಿಯ ಹೆಸರು ಕೆತ್ತಿಸುವುದು ಎಂದು ತೀರ್ಮಾನವಾಯಿತು. ತಕ್ಷಣ ಶಿಷ್ಟಾಚಾರದ ಪ್ರಶ್ನೆ ಎದ್ದಿತು. ಅಧ್ಯಕ್ಷತೆ ವಹಿಸಿದವರಿಗೆ ಬಲಗಾಲಿನದು ಕೊಟ್ಟು ಮುಖ್ಯ ಅತಿಥಿಗಳಿಗೆ ಎಡಗಾಲಿನದು ಕೊಟ್ಟರೆ ಮುಂದಿನ ವರ್ಷದ ದೇಣಿಗೆಯ ಗತಿ ಏನು? ಸಭೆ ಎರಡು ಗಂಟೆ ಬಿಸಿಯಾಯಿತು. ತಜ್ಞನ ಅಗತ್ಯ ಕಂಡುಬರುವುದು ಇಂಥ ಸಂದರ್ಭದಲ್ಲೇ. ಬ್ಯಾಲೆ ಶೂಗಳಿಗೆ ಎಡ ಬಲ ಎಂಬುದಿಲ್ಲ, ಎರಡನ್ನೂ ಒಂದೇ ಥರ ಮಾಡುವುದು ರೂಢಿ, ಯಾವುದು ಯಾವ ಕಾಲಿಗೆ ಎಂದು ಹಾಕಿಕೊಳ್ಳುವವರೇ ನಿಶ್ಚಯಿಸುತ್ತಾರೆ ಎಂದು ತಿಳಿಸಿದೆ. ಎಲ್ಲರ ಮುಖದಲ್ಲೂ ನಿರಾಳ. ಕಾಣಿಕೆ ಎಂದರೆ ಹೀಗಿರಬೇಕು ಎಂದರು ಖಜಾಂಚಿ.

ಮುಂದಿನ ವರ್ಷದ ವೇದಿಕೆಗೆ ಈಗಲೇ ಹದಿನಾರು ಗಣ್ಯರ ಪಟ್ಟಿ ಸಿದ್ಧವಾಗಿದೆ. ಎಂಟು ಜೊತೆ ಬೇಕು. ಅಕ್ಕನ ಮಗಳಿಗೆ ವಾಟ್ಸಾಪ್ ಕಳಿಸಿದ್ದೇನೆ: ಪಾಪುಗೆ ಪ್ರಾಕ್ಟೀಸ್ ತಪ್ಪಿಸಬೇಡ, ಗ್ರೀಸ್ ಮಾತ್ರ ಹಾಕಬೇಡ, ಬೇಗ ಸವೆಯಲಿ.